ಹೊಟ್ಟೆ ತೊಳೆದ ನೀರು

ವೈದ್ಯಶಾಸ್ತ್ರ ಓದದವರು ಇಂಥ ಕತೆಗೆ ಕೈಹಾಕುವುದು ಉದ್ಧಟತನವೇ. ಬಲ್ಲವರು ಕ್ಷಮಿಸಬೇಕು, ತಪ್ಪಿದ್ದರೆ ತಿದ್ದಬೇಕು. ಆದರೂ ಚಿನಕುರಳಿಯ ಚಲುವಮ್ಮ ಒಂದು ಬಾಡೂಟವನ್ನು ತಡೆದು ನಿಲ್ಲಿಸಿದ್ದನ್ನು ಹೇಳದೆ ಇರಲಾಗುವುದಿಲ್ಲ.

ಚಲುವಮ್ಮನ ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆದರು. ಹೊಟ್ಟೆ ತೆರೆದ ಕೂಡಲೇ, ಗಡ್ಡೆಯನ್ನು ಮುಟ್ಟುವ ಮೊದಲೇ, ಡಾಕ್ಟರು ಒಳಗೆ ಉಪ್ಪುನೀರು ಹುಯ್ದು, ಆ ನೀರನ್ನು ಮತ್ತೆ ಎಳೆದುಕೊಂಡು ಪರೀಕ್ಷೆಗೆ ಕಳಿಸಿದ್ದರು. ಗಡ್ಡೆಯಿಂದ ಕ್ಯಾನ್ಸರ್ ಕಣಗಳು ಉದುರಿ ಹರಡಿದ್ದರೆ ಆ ನೀರಿನಲ್ಲಿ ಸಿಗಬಹುದು. ಹರಡಿದ್ದರೆ ಕೀಮೋ, ಮುಂದಿನದು ಕಷ್ಟದ ದಾರಿ. ಇಲ್ಲದಿದ್ದರೆ ಆಪರೇಷನ್ನಿಗೇ ಮುಗಿದೀತು.

ನೀರಿನ ವರದಿ ಮೊದಲು ಬಂತು. ಕ್ಯಾನ್ಸರ್ ಕಣ ಕಂಡಿಲ್ಲ ಎಂದಿತ್ತು. ಗಂಡ ರಂಗಸ್ವಾಮಿ ಪಾಂಡವಪುರದ ಬಸ್‌ ಸ್ಟ್ಯಾಂಡಿನಲ್ಲೇ ನಿಂತು ನೆಂಟರಿಗೆಲ್ಲ ಫೋನು ಮಾಡಿದ. ಚಲುವಮ್ಮನ ತಮ್ಮ ಚಲುವರಾಜು ಬಿಂಡಿಗನವಿಲೆಯಿಂದ ಟಗರು ತಂದು ಹಟ್ಟಿಯಲ್ಲಿ ಕಟ್ಟಿದ.

"ನಾಳೀಕೇ ಕುಯ್ದುಬುಡಾನ ಕಣಮ್ಮಿ. ಎಲ್ರಿಗೂ ಹೇಳ್ಬುಟ್ಟಿವ್ನಿ," ಅಂದ ರಂಗಸ್ವಾಮಿ.

"ಬ್ಯಾಡ ಅಂತ್ಲೂ ನೀನೇ ಹೇಳು. ಚೂರಿನ ರಿಪೋರ್ಟು ಬರ್ಲಿ," ಅಂದಳು ಚಲುವಮ್ಮ.

ಕರುಳಿನ ಮೇಲಿನ ಕೊಬ್ಬಿನ ಪರದೆಯಿಂದ, ಹೊಟ್ಟೆಯ ಒಳಗೋಡೆಯಿಂದ ಡಾಕ್ಟರು ಪರೀಕ್ಷೆಗೆಂದು ಚಿಕ್ಕ ಚಿಕ್ಕ ಚೂರುಗಳನ್ನೂ ತೆಗೆದಿದ್ದರು. ನೀರಿನಲ್ಲಿ ಏನೂ ಸಿಗದಿದ್ದರೂ ಒಮ್ಮೊಮ್ಮೆ ರೋಗ ಹರಡಿರುತ್ತದೆ ಎಂದು ಹೇಳಿಯೂ ಇದ್ದರು. ರಂಗಸ್ವಾಮಿಯ ಕಿವಿಗೆ ಅದು ಬಿದ್ದಿರಲಿಲ್ಲ.

"ಅಕ್ಕಂಗೆ ಬಾಡು ಬಡ್ಸಾಕೆ ಮನಸಿಲ್ಲ ಕಣ್ ಬಾವ," ಚಲುವರಾಜು ಕೆಣಕಿದ.

"ಹಾಲಿನ ಕ್ಯಾನು ತೊಳ್ದಿದ್ದೀಯೇನ್ಲಾ ಯಾವತ್ತಾರ? ನೀರು ತಿಳಿಯಾಗೇ ಬತ್ತದೆ. ಕತ್ತಿನ ಸಂದೀಲಿ ಬೆರಳಾಡ್ಸು, ಜಿಡ್ಡು ಸಿಕ್ತದೆ. ಉದುರಿದ್ದು ನೀರ್ನಾಗೆ ಬತ್ತದೆ, ಅಂಟ್ಕೊಂಡಿರಾದು ಬರಾಕಿಲ್ಲ."

ಚಲುವರಾಜು ನಕ್ಕು, ಟಗರಿಗೆ ಸೊಪ್ಪು ಹಾಕಲು ಎದ್ದ. ಚಲುವಮ್ಮನಿಗೂ ಆಸೆ ಇಲ್ಲದಿರಲಿಲ್ಲ. ಒಂದು ಸಲ ನಂಬಿ, ಉಂಡು, ನಕ್ಕು, ಆಮೇಲೆ ಅದನ್ನೆಲ್ಲ ಕಳೆದುಕೊಳ್ಳುವ ಶಕ್ತಿ ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು ದಿನ ನೂಕಿದಳು. ಟಗರು ಅವರೆಸೊಪ್ಪು ತಿನ್ನುತ್ತಿತ್ತು. "ಬಾಡೂಟ ಯಾವಾಗವ್ವ?" ಎಂದು ಡೈರಿಗೆ ಹಾಲು ಹಾಕಲು ಹೋಗುವವರು ದಿನವೂ ಕೇಳುತ್ತಿದ್ದರು.

ಕೊನೆಗೆ ಆಸ್ಪತ್ರೆಯಿಂದ ಫೋನು ಬಂತು. ಗಂಡ ಹೆಂಡತಿ ಬಸ್ಸು ಹತ್ತಿ, ಶ್ರೀರಂಗಪಟ್ಟಣದ ಸೇತುವೆ ದಾಟಿ ಮೈಸೂರಿಗೆ ಹೋದರು. ಡಾಕ್ಟರು ಹಾಳೆ ತಿರುವಿ, ಕನ್ನಡಕ ತೆಗೆದು, "ಎಲ್ಲ ಚೂರುಗಳೂ ಶುದ್ಧವಾಗಿವೆ. ರೋಗ ಅಂಡಾಶಯದ ಒಳಗೇ ಇತ್ತು. ನಿಮಗೆ ಕೀಮೋ ಬೇಡ," ಅಂದರು.

ರಂಗಸ್ವಾಮಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಚಲುವಮ್ಮ ಅವನ ಭುಜ ತಟ್ಟಿದಳು. "ಏಳು. ಈಗ ಫೋನ್ ಮಾಡು."

ಕೆ.ಆರ್.ಪೇಟೆಯಿಂದ ಅವಳ ದೊಡ್ಡಕ್ಕ ಬಂದಳು, ನಾಗಮಂಗಲದಿಂದ ಸೋದರತ್ತೆ ಬಂದಳು, ಬಾಬುರಾಯನಕೊಪ್ಪಲಿನಿಂದ ಬೀಗರು ಟೆಂಪೋ ತುಂಬ ಬಂದಿಳಿದರು. ಬಡಿಸಲು ಎದ್ದ ಚಲುವಮ್ಮನನ್ನು ಹೆಂಗಸರು ಎಳೆದು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಅವಳು ಎರಡು ಮುದ್ದೆ ಮುರಿದಳು, ಸಾರು ಕೇಳಿ ಕೇಳಿ ಹಾಕಿಸಿಕೊಂಡಳು, ಊರೆಲ್ಲ ನೋಡುವ ಹಾಗೆ ಉಂಡಳು.

ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಚೂರು ತೆಗೆಯದ ಯಾವುದೋ ಮೂಲೆಯಲ್ಲಿ ಒಂದು ಕಣ ಉಳಿದಿದೆಯೋ ಇಲ್ಲವೋ, ಅದು ಅವರಿಗೂ ಗೊತ್ತಿಲ್ಲ, ಚಲುವಮ್ಮನಿಗೂ ಗೊತ್ತಿಲ್ಲ.