ಗಟ್ಟಿಯಾಗದ ಚೀಲ

ಅಂದು ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಂಡಿದ್ದ ಹಿಮ ಕೆರೆಯುವಾಗ ಕಪ್ಪು ಟೇಪಿನ ಒಂದು ತುಂಡು ಸಿಕ್ಕಿತು. ಕಿರುಬೆರಳಿನಷ್ಟು ಉದ್ದ, ಅಂಟು ಸತ್ತು ಸುರುಳಿ ಸುತ್ತಿಕೊಂಡಿತ್ತು. ಹಿಮದ ಜೊತೆಗೇ ಬಳಿದು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಸೊಸೆಯ ಕಲ್ಲಂಗಡಿ ಚೀಲಗಳನ್ನು ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟೆ.

ಆ ಟೇಪಿಗೆ ನಮ್ಮ ಮನೆಯಲ್ಲಿ ಒಂದು ಅರ್ಥವಿತ್ತು. ನಮ್ಮ ಯಜಮಾನರು ಮೋಟಾರು ಮೆಕ್ಯಾನಿಕ್. ನಲವತ್ತು ವರ್ಷ ಗಾಡಿಗಳ ಕೆಳಗೆ ತೆವಳಿ ಬಲಮಂಡಿ ಕೆಟ್ಟು ಕೆರ ಹಿಡಿದಿದೆ. ಐಸ್ ಇಟ್ಟರೆ ನೋವು ಇಳಿಯುತ್ತದೆ, ಆದರೆ ಗಟ್ಟಿ ಐಸು ಮಂಡಿಯ ಮೇಲೆ ಕೂರುವುದಿಲ್ಲ, ಮೂಳೆಗೆ ಒತ್ತುತ್ತದೆ. ಅದಕ್ಕೆ ಅವರದೇ ಒಂದು ಉಪಾಯ. ಗಾಡಿಯ ಎಂಜಿನ್ ಕಾಯದಂತೆ ರೇಡಿಯೇಟರಿಗೆ ಹಾಕುವ ಕೆಂಪು ಕೂಲಂಟನ್ನು ನೀರಿಗೆ ಬೆರೆಸಿ, ಚೀಲಕ್ಕೆ ತುಂಬಿ, ಫ್ರಿಜ್ಜಿನಲ್ಲಿಡುವುದು. ಅದು ಎಷ್ಟು ತಣ್ಣಗಾದರೂ ಕಲ್ಲಾಗುವುದಿಲ್ಲ. ಕೆಸರಿನಂತೆ ಮೆತ್ತಗೆ ಉಳಿದು ಮಂಡಿಯನ್ನು ತಬ್ಬಿಕೊಳ್ಳುತ್ತದೆ.

"ತಿನ್ನೋ ವಸ್ತು ಇಡೋ ಕಡೆ ವಿಷ ಇಡ್ತೀರಲ್ರೀ," ಅಂತ ನಾನು ಮೊದಲ ದಿನವೇ ಅಂದಿದ್ದೆ.

"ಕಪ್ಪು ಟೇಪ್ ಸುತ್ತಿದೀನಲ್ಲೇ. ಟೇಪ್ ಇದ್ರೆ ಮುಟ್ಟಬಾರದು, ಅಷ್ಟೇ. ಇಷ್ಟು ಅರ್ಥ ಆಗದ ದಡ್ಡರು ಈ ಮನೇಲಿ ಯಾರಿದ್ದಾರೆ?"

ನಿಜ, ಯಾರೂ ಇರಲಿಲ್ಲ. ಮಗನಿಗೆ, ಸೊಸೆಗೆ, ಏಳು ವರ್ಷದ ಮೊಮ್ಮಗಳಿಗೂ ಗೊತ್ತಿತ್ತು. ಅದರ ಮೇಲೆ, ಹಿಂದಿನ ವರ್ಷ ಯಜಮಾನರ ರಿಪೇರಿ ಶೆಡ್ಡಿನ ಬೆಕ್ಕು ನೆಲಕ್ಕೆ ಚೆಲ್ಲಿದ್ದ ಕೂಲಂಟನ್ನು ನೆಕ್ಕಿತ್ತು. ಅದು ಸಿಹಿ ಇರುತ್ತದಂತೆ. ಆ ದಿನವೆಲ್ಲ ಬೆಕ್ಕು ಕುಡುಕನ ಹಾಗೆ ಓಲಾಡಿತು, ನಾವು ನಕ್ಕೆವು. ಮಾರನೆಯ ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ ಸತ್ತಿತ್ತು.

ಬೇಸಿಗೆ ರಜೆ ಶುರುವಾದಾಗಿನಿಂದ ಸೊಸೆಗೆ ಸ್ಲಶ್ ಮಾಡುವ ಹುಚ್ಚು. ಅಂಗಡಿಯಲ್ಲಿ ಲೋಟಕ್ಕೆ ತುಂಬಿ ಸ್ಟ್ರಾ ಚುಚ್ಚಿ ಕೊಡುತ್ತಾರಲ್ಲ, ಹಿಮದ ಪುಡಿಯ ಹಾಗಿರುವ ಹಣ್ಣಿನ ರಸ, ಅದು. ಮೊಬೈಲಿನಲ್ಲಿ ನೋಡಿಕೊಂಡು ಕಲ್ಲಂಗಡಿ ರುಬ್ಬಿ, ನಿಂಬೆ ಹಿಂಡಿ, ಜಿಪ್ ಚೀಲಕ್ಕೆ ಹಾಕಿ ಚಪ್ಪಟೆಯಾಗಿ ಮಲಗಿಸುತ್ತಿದ್ದಳು. ಅರೆಬರೆ ಗಟ್ಟಿಯಾದಾಗ ಹೊರಗಿನಿಂದಲೇ ಹಿಸುಕಿದರೆ ಪುಡಿಯಾಗಬೇಕು. ಇವಳದ್ದು ದಿನವೂ ಹಲಗೆಯಂತೆ ಹೆಪ್ಪುಗಟ್ಟುತ್ತಿತ್ತು. ಲಟ್ಟಣಿಗೆಯಲ್ಲಿ ಕುಟ್ಟಿ ಕುಟ್ಟಿ ಮೇಜಿನ ಕಾಲೇ ಸಡಿಲವಾಯಿತು.

"ಬಿಸಾಡಬೇಡಮ್ಮ," ಅನ್ನುತ್ತಿದ್ದರು ಯಜಮಾನರು. "ಶೆಡ್ಡಿಗೆ ಕೊಡು. ಟೈರಿನ ಹಿಂದೆ ಇಟ್ರೆ ಲಾರಿ ಒಂದು ಇಂಚು ಜಾರಲ್ಲ."

"ನಗಿ ಮಾವ, ನಗಿ. ಹದ ಸಿಕ್ಕ ದಿನ ನಿಮಗೆ ಒಂದು ಚಮಚಾನೂ ಕೊಡಲ್ಲ."

ಹದ ಸಿಕ್ಕಿದ್ದು ನಾನು ಹಿಮ ಕೆರೆದ ದಿನವೇ. ಮಧ್ಯಾಹ್ನ ಮೂರರ ಹೊತ್ತು, ಗೋಡೆ ಮುಟ್ಟಿದರೆ ಕೈ ಸುಡುವಂಥ ಬಿಸಿಲು. ನಾನು ನಡುಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಸೊಸೆ ಅಡುಗೆಮನೆಯಿಂದ ಓಡಿಬಂದಳು, ಮುಖವೆಲ್ಲ ನಗು.

"ಅತ್ತೆ, ಬಂತು! ಥೇಟ್ ಅಂಗಡೀದೇ! ಹಿಸುಕಿದ ತಕ್ಷಣ ಪುಡಿ ಪುಡಿ. ಇಬ್ಬರಿಗೂ ಒಂದೊಂದು ಲೋಟ ಕೊಟ್ಟೆ, ಮೆಟ್ಟಿಲ ಮೇಲೆ ಕೂತಿದ್ದಾರೆ."

ಇಬ್ಬರು ಅಂದರೆ ನಮ್ಮ ಮೊಮ್ಮಗಳು ಚಿನಕುರಳಿ, ಮತ್ತೆ ಪಕ್ಕದ ಮನೆಯ ಟೈಲರಮ್ಮನ ಒಬ್ಬಳೇ ಮಗಳು. ಗುಂಡುಗುಂಡಗಿದ್ದಾಳೆಂದು ಅವಳನ್ನು ಎಲ್ಲರೂ ದಾರದುಂಡೆ ಅನ್ನುತ್ತಿದ್ದರು.

"ಎಲ್ಲಾ ಚೀಲಾನೂ ಹೀಗೇ ಬಂತೇನೇ?" ಅಂದೆ.

"ಇಲ್ಲ ಅತ್ತೆ, ಮಿಕ್ಕ ಮೂರೂ ಕಲ್ಲೇ. ಇದೊಂದಕ್ಕೆ ಸಕ್ಕರೆ ಜಾಸ್ತಿ ಬಿದ್ದಿರ್ಬೇಕು."

ಖಾಲಿ ಚೀಲ ಅವಳ ಕೈಯಲ್ಲೇ ಇತ್ತು. ತಳದಲ್ಲಿ ಚೂರು ಕೆಂಪು ನೀರು, ಗಾಜಿನಂತೆ ತಿಳಿ. ಹಣ್ಣಿನ ನಾರಿಲ್ಲ, ತಿರುಳಿಲ್ಲ, ಬೀಜದ ಚೂರೂ ಇಲ್ಲ. ಒಂದೇ ಹಣ್ಣು, ಒಂದೇ ಖಾನೆ, ಒಂದೇ ರಾತ್ರಿ. ಮೂರು ಕಲ್ಲಾದ ಕಡೆ ಒಂದು ಮಾತ್ರ ಯಾಕೆ ಆಗಲಿಲ್ಲ? ನಾನು ಬೆಳ್ಳುಳ್ಳಿ ಕೆಳಗಿಟ್ಟೆ.

ಆಗ ಒಳಕೋಣೆಯಿಂದ ಯಜಮಾನರ ದನಿ ಕೇಳಿಸಿತು. "ಲೇ, ನನ್ನ ಮಂಡಿ ಚೀಲ ಕೊಡೇ. ನಿನ್ನೆ ಹಳೇದು ಸೋರ್ತಿತ್ತು ಅಂತ ಸೊಸೆಯ ಡ್ರಾಯರಿಂದ ಅವಳದೇ ಒಂದು ಜಿಪ್ ಚೀಲ ತಗೊಂಡು ತುಂಬಿಟ್ಟಿದೀನಿ. ಟೇಪ್ ಇದೆ ನೋಡು."

ನಾನು ಹೇಗೆ ಎದ್ದೆನೋ, ಹೇಗೆ ಬಾಗಿಲು ದಾಟಿದೆನೋ ನೆನಪಿಲ್ಲ.

ಮೆಟ್ಟಿಲ ಮೇಲೆ ಎರಡು ಸ್ಟೀಲ್ ಲೋಟ. ಒಂದು ತುಂಬಿತ್ತು, ಇನ್ನೊಂದು ಬರಿದಾಗಿತ್ತು. ಹುಡುಗಿಯರಿಬ್ಬರೂ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದರು.

"ಇದನ್ನ ಕುಡಿದದ್ದು ಯಾರು?"

ನನ್ನ ದನಿಯಲ್ಲಿ ಏನಿತ್ತೋ, ಇಬ್ಬರೂ ಬಾಯಿ ಹೊಲಿದುಕೊಂಡರು. ಚಿನಕುರಳಿ ಗೆಳತಿಯನ್ನು ನೋಡಿದಳು, ಗೆಳತಿ ನೆಲ ನೋಡಿದಳು. ಬೈಯುತ್ತಾರೆಂದು ಹೆದರಿದ ಮಕ್ಕಳ ಬಾಯಿಂದ ನಿಜ ಹೊರಡುವುದಿಲ್ಲ. ಅವರ ಎದುರಿಗೆ ಕೂತುಕೊಂಡೆ, ನಕ್ಕೆ.

"ಬೈಯಲ್ಲ ಕಣ್ರೇ. ಮೊದಲು ಕುಡಿದು ಮುಗಿಸಿದ ಜಾಣೆ ಯಾರು ಅಂತ ಕೇಳಿದೆ. ಅವಳಿಗೆ ಬಹುಮಾನ."

"ನಾನು!" ಅಂದಳು ಚಿನಕುರಳಿ.

"ಸುಳ್ಳು ಅಜ್ಜಿ, ನಾನು!" ಅಂದಳು ದಾರದುಂಡೆ.

ನನ್ನ ಜಾಣತನ ನನಗೇ ತಿರುಗಿಬಿತ್ತು. ಇನ್ನು ವಿಚಾರಣೆಗೆ ಹೊತ್ತಿರಲಿಲ್ಲ. ಇಬ್ಬರ ಕೈಯನ್ನೂ ಹಿಡಿದು ಎಬ್ಬಿಸಿದೆ. ಯಜಮಾನರು ಕುಂಟುತ್ತ ಶೆಡ್ಡಿಗೆ ಹೋಗಿ, ಬ್ರೇಕ್ ರಿಪೇರಿ ಮುಗಿದು ನಿಂತಿದ್ದ ಯಾರದೋ ಕಾರನ್ನು ತಂದರು. ಕೂಲಂಟಿನ ಡಬ್ಬಿಯನ್ನೂ ತರಲು ಹೇಳಿದೆ. ಸೊಸೆ ಟೈಲರಮ್ಮನನ್ನು ಕರೆಯಲು ಓಡಿದಳು. ಆಕೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಕಾರು ಹತ್ತಿದಳು.

ದಾರಿಯುದ್ದಕ್ಕೂ ಮಕ್ಕಳಿಗೆ ಖುಷಿ. "ನಾವು ಎಲ್ಲಿಗೆ ಹೋಗ್ತಿದ್ದೀವಿ?" ಅಂತ ಕಿಟಕಿಯಲ್ಲಿ ತಲೆ ಹಾಕಿ ನಗುತ್ತಿದ್ದರು.

"ಏನೂ ಆಗಿಲ್ವಲ್ಲ, ದೊಡ್ಡಮ್ಮ? ಚೆನ್ನಾಗೇ ಇದ್ದಾಳಲ್ಲ?" ಅಂತ ಟೈಲರಮ್ಮ ಮತ್ತೆ ಮತ್ತೆ ಕೇಳಿದಳು. ನನಗೆ ಆ ಬೆಕ್ಕಿನ ಎರಡನೆಯ ದಿನ ನೆನಪಿಗೆ ಬಂತು.

ಆಸ್ಪತ್ರೆಯ ಡಾಕ್ಟರಮ್ಮ ಡಬ್ಬಿಯ ಮೇಲಿನ ಬರಹ ಓದಿದರು. ಅವರ ಮುಖ ಬದಲಾಗಿದ್ದನ್ನು ನಾನು ನೋಡಿದೆ.

"ಈಗ ನಗ್ತಾ ಇದ್ದಾರೆ ಅಂತ ಧೈರ್ಯ ತಗೋಬೇಡಿ. ಇದು ಮೊದಲು ಸುಮ್ಮನಿದ್ದು ಆಮೇಲೆ ಕಿಡ್ನಿ ಹಿಡಿಯುತ್ತೆ. ಬೇಗ ತಂದಿದ್ದೀರ, ಅದೊಂದು ಒಳ್ಳೇದಾಯ್ತು. ಯಾರು ಕುಡಿದದ್ದು?"

"ಗೊತ್ತಿಲ್ಲ," ಅಂದೆ.

ಇಬ್ಬರಿಗೂ ರಕ್ತ ತೆಗೆದರು. ಕಾದು ನೋಡುವ ಹಾಗಿಲ್ಲ ಎಂದು ಇಬ್ಬರಿಗೂ ಔಷಧಿ ಹಾಕಿದರು. ಸೂಜಿ ಚುಚ್ಚಿದಾಗ ಚಿನಕುರಳಿ, "ಇದೇನಾ ಬಹುಮಾನ?" ಅಂತ ಕಿರುಚಿದಳು.

ಹೊರಗಿನ ಬೆಂಚಿನಲ್ಲಿ ನಾವು ಸಾಲಾಗಿ ಕೂತೆವು. ಎರಡು ಮಕ್ಕಳು, ಒಂದು ಖಾಲಿ ಲೋಟ. ಹೇಳಲು ನಾಚಿಕೆಯಾಗುತ್ತದೆ. ಪಕ್ಕದಲ್ಲಿ ಟೈಲರಮ್ಮ ಕೂತಿರುವಾಗಲೇ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ನಮ್ಮದಾಗದಿರಲಿ, ನಮ್ಮದಾಗದಿರಲಿ ಅಂತ. ನಮ್ಮದಲ್ಲವೆಂದರೆ ಮತ್ತೆ ಯಾರದು ಎಂಬ ಕಡೆಗೆ ಮನಸ್ಸು ತಿರುಗಲೇ ಇಲ್ಲ.

ಸಂಜೆಯಾಗುವ ಹೊತ್ತಿಗೆ ಡಾಕ್ಟರಮ್ಮ ಚೀಟಿ ಹಿಡಿದು ಬಂದರು. "ಮೊಮ್ಮಗಳ ರಕ್ತದಲ್ಲಿ ಏನೂ ಇಲ್ಲ ಅಜ್ಜಿ. ಆಕೆ ಕುಡಿದೇ ಇಲ್ಲ."

ತಡೆಯಬೇಕೆಂದರೂ ತಡೆಯಲಾಗದೆ ಒಂದು ದೊಡ್ಡ ಉಸಿರು ನನ್ನ ಬಾಯಿಂದ ಹೊರಬಿತ್ತು. ತಿರುಗಿದೆ. ಟೈಲರಮ್ಮ ಡಾಕ್ಟರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಆಮೇಲೆ ಆಕೆಯ ಮಾತೆಲ್ಲ ನನ್ನ ಸೊಸೆಯ ಮೇಲೆ ಸುರಿಯಿತು. "ಕಣ್ಣು ಕಾಣ್ಸಲ್ವೇನಮ್ಮ ನಿನಗೆ? ಮಕ್ಕಳಿಗೆ ಕೊಡೋ ಮುಂಚೆ ಒಂದು ಹನಿ ನೀನು ನಾಲಿಗೆಗೆ ಹಾಕ್ಕೊಂಡು ನೋಡಬಾರದಾ?" ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಯಜಮಾನರು, "ತಪ್ಪು ನಂದಮ್ಮ, ಒದ್ದೆ ಚೀಲಕ್ಕೆ ಟೇಪ್ ಹಚ್ಚಿದೆ, ನಿಂತಿಲ್ಲ," ಅಂದರು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಸದ ಬುಟ್ಟಿಯಲ್ಲಿದ್ದ ಆ ಸುರುಳಿಯ ಸುದ್ದಿ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಟೇಪ್ ಬೆಳಿಗ್ಗೆ ನನ್ನ ಕೈಗೆ ಸಿಕ್ಕಿತ್ತು ಮಗಳೇ," ಅಂದೆ. "ಎಲ್ಲಿಂದ ಬಿತ್ತು ಅಂತ ನೋಡ್ಲಿಲ್ಲ. ಎಸೆದುಬಿಟ್ಟೆ."

ಟೈಲರಮ್ಮ ಕೊರಳಿನ ಅಳತೆ ಟೇಪನ್ನು ತೆಗೆದು, ಬಿಗಿಯಾಗಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು, ಎದ್ದು ಹೋಗಿ ಮಗಳ ಬಾಗಿಲ ಹತ್ತಿರ ನಿಂತಳು. ಮೂರು ದಿನ ಅಲ್ಲೇ ಇದ್ದಳು. ನಾನು ಊಟ ತೆಗೆದುಕೊಂಡು ಹೋದರೆ ಡಬ್ಬಿಯನ್ನು ಮುಟ್ಟದೆ ವಾಪಸು ಕಳಿಸುತ್ತಿದ್ದಳು. ಮೂರನೆಯ ದಿನ ನಾನು ಕಾರಿಡಾರಿನ ಕೊನೆಯಲ್ಲಿ ಬೆಳಗಿನಿಂದ ಕೂತಿದ್ದೆ. ಎದ್ದರೆ ಏನಾಗಿಬಿಡುವುದೋ ಎಂಬ ಭಯ. ಮಧ್ಯಾಹ್ನ ಡಾಕ್ಟರಮ್ಮ ಹೊರಬಂದು, ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ನಾಡಿದ್ದು ಮನೆಗೆ ಕರೆದುಕೊಂಡು ಹೋಗಬಹುದು ಅಂದರು.

ಈಗ ನಮ್ಮ ಫ್ರಿಜ್ಜಿನ ಮೇಲಿನ ಖಾನೆ ಖಾಲಿ. ಯಜಮಾನರು ಮಂಡಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಸೊಸೆ ಕುಡಿಯುವ ನೀರನ್ನೂ ಮೊದಲು ತಾನು ಗುಟುಕರಿಸಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಮಗಳ ಕೈಗೆ ಕೊಡುತ್ತಾಳೆ. ಬಿಸಿಲು ಇನ್ನೂ ಇಳಿದಿಲ್ಲ.

ನಿನ್ನೆ ಬಟ್ಟೆ ಒಣಹಾಕುತ್ತಿದ್ದಾಗ ದಾರದುಂಡೆ ತನ್ನ ಮನೆಯ ಕಿಟಕಿಯಲ್ಲಿ ಕಾಣಿಸಿಕೊಂಡಳು. ಮುಖ ಸೊರಗಿದೆ, ಕಣ್ಣು ಮಾತ್ರ ಅವೇ. ಅವಳ ಬೆನ್ನ ಹಿಂದೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು.

"ಅಜ್ಜಿ," ಅಂದಳು, "ಅವತ್ತಿಂದು ಎಷ್ಟು ಸಿಹಿಯಾಗಿತ್ತು ಗೊತ್ತಾ? ಮತ್ತೆ ಯಾವಾಗ ಮಾಡ್ತೀರಾ?"

ಯಂತ್ರದ ಸದ್ದು ನಿಂತಿತು.