ಬದಲಾಗದ ಎಂಜಿನ್

ಗುಡ್ಡದ ಆಸ್ಪತ್ರೆಯ ಜೀಪಿಗೆ ಇಪ್ಪತ್ತಾರು ವರ್ಷ. ಮೇಲಿನ ಹನ್ನೊಂದು ಊರುಗಳಿಂದ ಬಸುರಿಯರನ್ನೂ ಕೈಕಾಲು ಮುರಿದವರನ್ನೂ ಕಲ್ಲುದಾರಿಯಲ್ಲಿ ಇಳಿಸಿ ತರುತ್ತಿದ್ದುದು ಅದೊಂದೇ. ಹಿಂಬದಿಯ ನೆಲ ಬರೀ ತಗಡು. ರಕ್ತವಾಗಲಿ ಕೆಸರಾಗಲಿ, ಒಂದು ಕೊಡ ನೀರು ಸುರಿದರೆ ಆಯಿತು.

ಈಗ ಅದಕ್ಕೆ ಶುಕ್ರದೆಸೆ ಬಂದಿತ್ತು. ಯಾವುದೋ ಶ್ರೀಮಂತ ದೇಶ ಇಂಥ ಗಾಡಿಗಳ ಆಮದಿಗೆ ಕಟ್ಟುಪಾಡು ಹಾಕಿತ್ತು: ಹೊಸದು ಒಳಗೆ ಬರುವಂತಿಲ್ಲ; ಇಪ್ಪತ್ತೈದು ವರ್ಷ ದಾಟಿದ್ದು, ಹುಟ್ಟಿದಾಗಿನ ಎಂಜಿನ್ನೇ ಇರುವುದು ಮಾತ್ರ ಬರಬಹುದು. ಸಿಗದ ವಸ್ತುವೆಂದರೆ ದುಡ್ಡಿದ್ದವರಿಗೆ ಆಸೆ ಜಾಸ್ತಿ. ಅಲ್ಲಿ ಇದಕ್ಕೆ ಚರ್ಮದ ಸೀಟು, ನೆಲಕ್ಕೆ ಮೆತ್ತನೆಯ ಹಾಸು ಹಾಕಿಸಿ, ವಾರಕ್ಕೊಮ್ಮೆ ಕಾಫಿ ಕುಡಿಯಲು ಹೋಗುತ್ತಾರಂತೆ! ಬೆಲೆ ಕೇಳಿ ಆಸ್ಪತ್ರೆಯ ಸಮಿತಿಯವರು ಬಾಯಿ ಬಿಟ್ಟರು, ಮಾರಲು ಒಪ್ಪಿಯೂ ಬಿಟ್ಟರು. ಆ ದುಡ್ಡಿಗೆ ಎರಡು ಹೊಸ ವ್ಯಾನು ಬರುತ್ತವೆ, ನಿಜ. ಎರಡೂ ಮೊದಲನೆಯ ಹಳ್ಳವನ್ನೇ ದಾಟುವುದಿಲ್ಲ. ಇನ್ನೊಂದು ಹಳೇ ಜೀಪು ಹುಡುಕೋಣವೆಂದರೆ ಅವೆಲ್ಲ ಆಗಲೇ ಹಡಗು ಹತ್ತಿದ್ದವು.

ಅಷ್ಟೂ ವರ್ಷ ಜೀಪನ್ನು ನೋಡಿಕೊಂಡ ಮೆಕ್ಯಾನಿಕ್ಕನ ಅಕ್ಕನೇ ಆಸ್ಪತ್ರೆಯ ನರ್ಸು. ಜೀಪು ಕೊಳ್ಳುವ ದಲ್ಲಾಳಿ ಅದರ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆಯೇ ಅವಳು ಶೆಡ್ಡಿಗೆ ಬಂದಳು.

"ಎಂಜಿನ್ ಬದಲಾಗಿದೆ ಅಂದ್ಬಿಡೋ. ಅದರ ಮೇಲಿನ ನಂಬರು ಸವೆದು ಹೇಗೂ ಕಾಣಲ್ಲ, ನಿನ್ನ ಮಾತೇ ಸಾಕ್ಷಿ."

"ಸುಳ್ಳಾಗುತ್ತಲ್ಲ ಅಕ್ಕಾ."

"ಆಗ್ಲಿ, ಪಾಪ ನನ್ನ ತಲೆಗಿರಲಿ. ಜೀಪು ಹೋದ್ರೆ ಮೇಲಿನ ಊರಿನವರ ಗತಿ ಏನು ಹೇಳು?"

ಅವನು ಮನಸಾರೆ ಒಪ್ಪಿದ. ಆ ಕಲ್ಲುದಾರಿ ಅವನಿಗೂ ಗೊತ್ತಿತ್ತು.

ದಲ್ಲಾಳಿ ಬಂದ. ಗಾಡಿಯ ಕೆಳಗೆ ಮಲಗಿ ನೋಡಿದ, ಎಂಜಿನ್ನಿಗೆ ಕಿವಿಗೊಟ್ಟ. "ಇದು ಆ ಕಾಲದ್ದಲ್ಲ ಬಿಡಿ. ಬದಲಾಯಿಸಿದ್ದೀರಲ್ವಾ?"

"ಹೂಂ," ಎಂದ ಮೆಕ್ಯಾನಿಕ್ಕು. ಅಕ್ಕ ಉಸಿರು ಬಿಟ್ಟಳು.

ಹೋಗುವವನು ಸುಮ್ಮನೆ ಹೋಗಬಾರದೇ? ಕಾಗದ ಮಡಚುತ್ತಾ ನಕ್ಕ. "ನಂಗೊತ್ತಿತ್ತು. ಇಂಥ ಡಬ್ಬಾ ಶೆಡ್ಡಲ್ಲಿ ಇಪ್ಪತ್ತಾರು ವರ್ಷ ಒಂದೇ ಎಂಜಿನ್ನ ಹೀಗೆ ಕಾಪಾಡೋನು ಯಾರಿದ್ದಾನೆ?"

"ಯಾರು ಅಂದ್ರೆ? ನಾನು!"

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ ಅದೆಲ್ಲಿಯ ತಾಳ್ಮೆ? ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ನಿನ ಪಕ್ಕೆ ಉಜ್ಜಿದ. ಮೇಲೆ ಸೀಮೆಸುಣ್ಣದ ಕಡ್ಡಿ ತೀಡಿದ. ಸವೆದ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ನಿಂತವು. "ಓದ್ಕೊಳ್ಳಿ! ಒಂದು ಡೂಪ್ಲಿಕೇಟ್ ಬೋಲ್ಟು ಹಾಕಿದ್ರೆ ಕೇಳಿ!"

ದಲ್ಲಾಳಿ ಮಡಚಿದ ಕಾಗದ ಬಿಚ್ಚಿ, ನಂಬರು ಬರೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೆಕ್ಯಾನಿಕ್ಕು ತಿರುಗಿ ನೋಡುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು.

ಸೋಮವಾರ ಜೀಪು ಹೋಯಿತು. ಅವನು ನಾಚಿಕೆಯಿಂದ ಅಕ್ಕನ ಮನೆಯ ಬೀದಿಗೂ ಕಾಲಿಡಲಿಲ್ಲ. ನಾಲ್ಕನೆಯ ದಿನ ಅವಳೇ ಶೆಡ್ಡಿನ ಬಾಗಿಲಿಗೆ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೇಲಿನ ಊರಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ, ಮಗು ಅಡ್ಡ ತಿರುಗಿದೆಯಂತೆ," ಎಂದಳು. "ಮಂಚ ಹೊರೋಕೆ ಮೂರು ಜನ ಸಿಕ್ಕಿದ್ದಾರೆ. ನಾಲ್ಕನೆಯವನು ಬೇಕು."

ಅವನು ಶೆಡ್ಡಿನ ಬಾಗಿಲನ್ನೂ ಹಾಕದೆ ಅವಳ ಹಿಂದೆ ನಡೆದ. ಜೀಪಿನಲ್ಲಾದರೆ ಅದು ಮುಕ್ಕಾಲು ಗಂಟೆಯ ದಾರಿ. ಹೊತ್ತು ತರಲು ಎಷ್ಟು ಹೊತ್ತಾಗುತ್ತದೆಂದು ಅವನು ಕೇಳಲಿಲ್ಲ, ಅಕ್ಕ ಹೇಳಲೂ ಇಲ್ಲ.