ಎರಡೂವರೆ ಗಂಟೆ ತಾವರೆ

ಮಂಜಲ್‌ಪುರದ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಾಗ ಕೃಪಾ ನರ್ಮದಾ ನದಿಯಾಗಿದ್ದಳು. ಸಂಗೀತ ನಾಟಕದ ಹನ್ನೊಂದು ಹಾಡುಗಳಲ್ಲಿ ಒಂಬತ್ತು ಅವಳದೇ. ಮಕರಪುರದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಅಪ್ಪ ಕಳಿಸಿದ ಶುಂಠಿ ಕಷಾಯ ಕುಡಿದು, ನೀಲಿ ಸೀರೆಯುಟ್ಟು, ಕೊನೆಯ ಸಾಲಿಗೂ ಕೇಳುವಂತೆ ಹಾಡಿದ್ದಳು. ಸಹಪಾಠಿ ರಶ್ಮಿಗೆ ಶ್ರುತಿಯೂ ಇರಲಿಲ್ಲ, ತಾಳವೂ ಇರಲಿಲ್ಲ. ಇದ್ದದ್ದು ಶಾಲೆಯ ಟ್ರಸ್ಟಿಯಾಗಿದ್ದ ಅಪ್ಪ. ಹಾಗಾಗಿ ಅವಳನ್ನು ನದೀದಂಡೆಯ ತಾವರೆ ಮಾಡಿ ಕೂರಿಸಿದ್ದರು. ತಾವರೆಗೆ ಮಾತಿಲ್ಲ, ಆಗಾಗ ಅರಳಿದರಾಯಿತು.

ಇಪ್ಪತ್ತೆರಡು ವರ್ಷಗಳ ಮೇಲೆ ಹಳೆ ವಿದ್ಯಾರ್ಥಿಗಳ ಕೂಟ. "ನಾಟಕದ ವಿಡಿಯೊ ಸಿಕ್ಕಿದೆ, ಎಲ್ಲರೂ ಬನ್ನಿ" ಎಂದು ರಶ್ಮಿ ಗ್ರೂಪಿನಲ್ಲಿ ಹಾಕಿದಳು. ಕೃಪಾ ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿ, ಗಂಡ ನಿತೇಶನನ್ನೂ ಮಗಳು ಧನುಶ್ರೀಯನ್ನೂ ಎಳೆದುಕೊಂಡು ಹೋದಳು. ವರ್ಷಾನುಗಟ್ಟಲೆ ಕೊರೆದ ಕತೆಗೆ ಇನ್ನು ಸಾಕ್ಷಿ ಸಿಗುವುದಿತ್ತು.

ಪರದೆಯ ಮೇಲೆ ತಾವರೆ ಮೂಡಿತು. ನದಿ ಹುಟ್ಟುವ ಹಾಡು ಕೇಳಿಸಿತು. ಕಂಡದ್ದು ಮೂಗು ತುರಿಸಿಕೊಳ್ಳುವ ತಾವರೆ. ಪ್ರವಾಹ ಬಂತು, ತಾವರೆ. ನದಿಯ ಮದುವೆಯಾಯಿತು, ತಾವರೆ. ವಿಡಿಯೊದವನನ್ನು ಕರೆಸಿದ್ದು ಟ್ರಸ್ಟಿಯೇ ಅಲ್ಲವೇ! ಒಮ್ಮೆ ಅಂಚಿನಲ್ಲಿ ನೀಲಿ ಸೆರಗೊಂದು ಹಾಯಿತು.

"ಅದೇ ನಾನು!" ಎಂದಳು ಕೃಪಾ.

"ಎಲ್ಲಿ?" ಎಂದ ನಿತೇಶ.

"ಈಗ ಹೋದೆ."

ಹಾಡುಗಳೆಲ್ಲ ಬಾಯಿಪಾಠವಾಗಿದ್ದ ತಾವರೆ ಕೃಪಾಳ ದನಿಗೆ ಸರಿಯಾಗಿ ತುಟಿ ಆಡಿಸುತ್ತಿತ್ತು. ಮೂರನೆಯ ಹಾಡಿನ ಹೊತ್ತಿಗೆ ಸಭೆ ರಶ್ಮಿಯತ್ತ ತಿರುಗಿ ಚಪ್ಪಾಳೆ ತಟ್ಟಿತು. ಅಂದು ಅಲೆಗಳಾಗಿ ಕೃಪಾಳ ಬೆನ್ನಿಗೇ ನಿಂತಿದ್ದವರೂ ತಟ್ಟಿದರು. ರಶ್ಮಿ ಬೇಡವೆನ್ನಲಿಲ್ಲ, ಕೈಮುಗಿದಳು.

ಕೃಪಾ ಎದ್ದು ಹಾಡು ಕಲಿಸಿದ್ದ ಸುಶೀಲಾಬೆನ್ ಬಳಿ ಹೋದಳು. "ಬೆನ್, ನದಿ ನಾನಾಗಿದ್ದೆ."

ಮುದುಕಿ ಕಣ್ಣೊರೆಸಿಕೊಂಡು ನೋಡಿದರು. "ಆ ನಾಟಕದಲ್ಲಿ ನದಿ ಇತ್ತೇ?"

ಅಷ್ಟರಲ್ಲಿ ಎಲ್ಲರೂ ರಶ್ಮಿಯನ್ನು ಹಾಡಲು ಒತ್ತಾಯಿಸಿದರು. ಅವಳು ಗಂಟಲು ಮುಟ್ಟಿಕೊಂಡು, "ಇವತ್ತು ಸರಿಯಿಲ್ಲ" ಎಂದಳು.

"ಹೋಗು ಮಾರಾಯ್ತಿ! ನಿನ್ನ ಬಾಯಲ್ಲಿ ಎಂತ ಅವಲಕ್ಕಿ ಉಂಟಾ?" ಎಂದು ನಿತೇಶ ಕೃಪಾಳನ್ನು ತಿವಿದ.

ಕೃಪಾ ಮೈಕು ಹಿಡಿದಳು. ನದಿ ಹುಟ್ಟುವ ಹಾಡನ್ನು ಒಂದಕ್ಷರ ಬಿಡದೆ ಹಾಡಿದಳು. ದನಿ ತುಸು ದಪ್ಪವಾಗಿತ್ತು, ಆದರೆ ಅದೇ ದನಿ. ಸಭೆಯೆಲ್ಲ ಅವಳತ್ತ ತಿರುಗಿತು. ಈಗಲಾದರೂ ತಿಳಿಯಿತಲ್ಲ ಎಂದು ಅವಳ ಎದೆ ಉಬ್ಬಿತು.

ಸುಶೀಲಾಬೆನ್ ಬಂದು ಬೆನ್ನು ತಟ್ಟಿದರು. "ಭೇಷ್! ಥೇಟ್ ನಮ್ಮ ರಶ್ಮಿಯ ಹಾಗೇ ಹಾಡುತ್ತೀ. ಆದರೆ ಅನುಕರಣೆ ಎಷ್ಟು ದಿನ? ಸ್ವಲ್ಪ ಸ್ವಂತಿಕೆ ಬೆಳೆಸಿಕೋ, ಮಗಳೇ."

ಊಟದ ಸಾಲಿನಲ್ಲಿ ಧನುಶ್ರೀ ಸೆರಗು ಜಗ್ಗಿದಳು. "ಮಮ್ಮಿ, ಸಚ್ ಬೋಲೋ. ನೀನು ರಿವರ್ ಇದ್ದಿಯಾ?"

ಕೃಪಾ ಮಗಳ ತಟ್ಟೆಗೆ ಎರಡು ಪೂರಿ ಬಡಿದಳು. "ತಿನ್ನು. ತಣ್ಣಗಾಗ್ತದೆ."